ಆಳು ನೀರು

ದೊಡ್ಡವ್ವನ ಕೈಗಳು ಮಣಿಕಟ್ಟಿನವರೆಗೆ ಒಂದು ಬಣ್ಣ, ಅಲ್ಲಿಂದ ಮೇಲೆ ಇನ್ನೊಂದು ಬಣ್ಣ. ರೇಷ್ಮೆ ನೂಲನ್ನು ಬಣ್ಣದಲ್ಲಿ ಅದ್ದಿ, ತೊಳೆದು, ಮತ್ತೆ ಅದ್ದಿ, ಕೆಂಪು ಹಸಿರು ಕಪ್ಪು ಎಲ್ಲ ಒಂದರ ಮೇಲೊಂದು ಕೂತು, ಕೊನೆಗೆ ಒಂದು ಮಾಸಲು ನೇರಳೆ ಮಾತ್ರ ಉಳಿದಿತ್ತು. ಹೊಸಬರು ಆ ಕೈಯಿಂದ ನೀರು ಇಸಿದುಕೊಳ್ಳಲು ಹಿಂಜರಿಯುತ್ತಿದ್ದರು. ಅದು ಅವಳಿಗೆ ತಿಳಿಯುತ್ತಿತ್ತು. ಚೊಂಬನ್ನು ಜಗಲಿಯ ಮೇಲಿಟ್ಟು, "ತಕಳಿ, ಅಂಟಾಕಿಲ್ಲ" ಎನ್ನುತ್ತಿದ್ದಳು.

ಅವಳು ನನಗೆ ಸಂಬಂಧದಲ್ಲಿ ದೊಡ್ಡವ್ವನಲ್ಲ. ಕೊಳ್ಳೇಗಾಲದ ನಮ್ಮ ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾವೂ ಕರೆದೆವು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಮಣ್ಣಿನ ಗೋಡೆ. ಗೋಡೆಯ ಆಚೆ, ಅವಳ ಹಿತ್ತಲಿನಲ್ಲಿ, ಒಂದು ಕೊಳ. ನೂಲು ತೊಳೆಯಲೆಂದು ಅವಳ ಮಾವ ಕಟ್ಟಿಸಿದ್ದು. ಒಂದು ಪಕ್ಕಕ್ಕೆ ಮೂರು ಕಲ್ಲಿನ ಮೆಟ್ಟಿಲು, ಮೂರನೆಯದರ ಆಚೆ ನೆಟ್ಟಗೆ ಗೋಡೆ. ಬಣ್ಣ ಕುಡಿದೂ ಕುಡಿದೂ ನೀರು ಕಪ್ಪಾಗಿತ್ತು. ಬೇಸಿಗೆಯಲ್ಲಿ ಬೀದಿಯ ನಲ್ಲಿ ಒಣಗಿದಾಗ ಎಲ್ಲರೂ ಬಟ್ಟೆ ಒಗೆಯಲು ಅಲ್ಲಿಗೇ ಬರುತ್ತಿದ್ದರು. ಬಂದವರಿಗೆಲ್ಲ ಹಿಂಬಾಗಿಲಿನಲ್ಲಿ ನಿಂತು ಒಂದೇ ಮಾತು ಕೂಗುತ್ತಿದ್ದಳು:

"ಮೂರ್ನೇ ಮೆಟ್ಟಲ್ ದಾಟಬ್ಯಾಡ ಕಣ್ಲಾ! ಆಳು ನೀರು!"

ಒಬ್ಬ ಆಳು ನಿಂತರೆ ಮುಳುಗಿಹೋಗುವಷ್ಟು ನೀರು ಎಂದು ಅದರ ಅರ್ಥ. ನಮ್ಮ ಬೀದಿಯಲ್ಲಿ ಅದು ಗೊತ್ತಿಲ್ಲದವರು ಇರಲಿಲ್ಲ.

ಮಾತು ಒರಟು. ಸೊಂಟ ಬಗ್ಗಿಸಿ ಒಗೆಯದ ಸೊಸೆಯರನ್ನು ಅವರ ಅತ್ತೆಯರ ಮುಂದೆಯೇ ಆಡಿಕೊಳ್ಳುತ್ತಿದ್ದಳು. "ನೀರ್‌ಗೆ ತೋರ್ಸಿ ವಾಪಸ್ ತಕಂಡೋಯ್ತಾಳೆ, ಅದ್ಕೂ ಬಟ್ಟೆಗೂ ಪರಿಚಯ ಮಾಡ್ಸಕ್ಕೆ ಬಂದಂಗೆ." ಅವರು ನಕ್ಕಂತೆ ಮಾಡಿ, ಬೀದಿಗೆ ಬಂದ ಮೇಲೆ ಬಯ್ಯುತ್ತಿದ್ದರು. ಅವಳ ನೀರು ಬೇಕಿತ್ತು, ಅವಳು ಬೇಕಿರಲಿಲ್ಲ.

ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರಿಗೆ ಸೇರಿದ ಮೇಲೆ ಕಚೇರಿಗಳಿಗೆ ದೂರದೂರದ ಊರುಗಳಿಂದ ಅಧಿಕಾರಿಗಳು ವರ್ಗವಾಗಿ ಬರತೊಡಗಿದರು. ಅದೇ ಹೊತ್ತಿಗೆ ಅವಳಿಗೆ ನೂಲು ಕೊಡುತ್ತಿದ್ದ ವ್ಯಾಪಾರಿ ತನ್ನದೇ ಬಣ್ಣದ ಶೆಡ್ಡು ಹಾಕಿಕೊಂಡ. ಗಂಡನಿಲ್ಲ, ಮಕ್ಕಳಿಲ್ಲ, ಈಗ ಕೆಲಸವೂ ಇಲ್ಲ. ಮುಂದಿನ ಎರಡು ಕೋಣೆ ತಾನಿಟ್ಟುಕೊಂಡು, ಹಿಂದಿನ ಭಾಗವನ್ನು ಕೊಳದ ಸಮೇತ ಬಾಡಿಗೆಗೆ ಕೊಡಲು ನಿಶ್ಚಯಿಸಿದಳು.

ನೋಡಲು ಬಂದವರು ಧಾರವಾಡದ ಕಡೆಯ ಒಬ್ಬ ಅಧಿಕಾರಿ ಮತ್ತು ಅವರ ಹೆಂಡತಿ. ಹೆಂಡತಿಯ ಸೊಂಟದ ಮೇಲೆ ಒಂದು ಕೂಸು. ನಾನು ಆಗ ತಾನೇ ತರಬೇತಿ ಮುಗಿಸಿ ಪ್ರೈಮರಿ ಶಾಲೆಗೆ ಸೇರಿದ್ದೆ. ಗೋಡೆಯ ಈಚೆ ಬಟ್ಟೆ ಒಣಗಹಾಕುತ್ತಿದ್ದೆ. ಅವರಾಡಿದ್ದೆಲ್ಲ ನನ್ನ ಕಿವಿಗೆ ಬಿತ್ತು.

"ನೋಡು, ಮನೀ ಹಿತ್ತಲದಾಗ ಇಷ್ಟು ನೀರು! ನಮ್ಮೂರಾಗ ಇಡೀ ಓಣಿಗೆ ಸಿಗಂಗಿಲ್ಲ ಇಷ್ಟು."

"ಸೊಳ್ಳಿ ಬರ್ತಾವ, ಹಾವು ಬರ್ತಾವ," ಎಂದಳು ಹೆಂಡತಿ. "ಬಸ್ ಸ್ಟ್ಯಾಂಡ್ ಕಡೀ ಮನೀನ ಛಲೋ ಇತ್ತು. ನಳ ಇತ್ತು, ಮಗ್ಗಲದಾಗ ಮಂದಿ ಇದ್ರು."

"ನಳದಾಗ ಈಸಲಿಕ್ಕೆ ಬರ್ತದೇನು?"

"ನಿಮಗ ಎಲ್ಲಿ ಈಸಲಿಕ್ಕೆ ಬರ್ತದ?"

"ಕಲೀತೀನಿ."

ದೊಡ್ಡವ್ವ ಗಟ್ಟಿಯಾಗಿ ನಕ್ಕಳು. "ಏನವ್ವಾ, ನಿಮ್ಮ್ ಯಜಮಾನ್ರು ಈ ವಯಸ್ನಲ್ಲಿ ಕಪ್ಪೆ ಆಯ್ತಾರಂತಾ?" ಆಮೇಲೆ ನಗು ನಿಲ್ಲಿಸಿ, "ಸಾ, ಇದು ಆಳು ನೀರು. ಇಳೀಬ್ಯಾಡಿ. ನಾ ಮದ್ವೆಯಾಗ್ ಬಂದಾಗ್ಲಿಂದ್ಲೂವೆ ಆಳು ನೀರೇಯ" ಎಂದಳು.

"ತಿಳೀತು ತಾಯಿ. ನೋಡಿದ್ರನ ತಿಳೀತದ. ಅದನ್ನ ನಾ ಸರಿ ಮಾಡಸ್ತೀನಿ."

ಬಸ್ ಸ್ಟ್ಯಾಂಡಿನ ಕಡೆಯ ಮನೆ ಬೇಡವೆಂದಾಯಿತು. ಆ ಸಂಜೆ ದೊಡ್ಡವ್ವ ಸಂತೋಷದಿಂದ ನಮ್ಮ ಜಗಲಿಗೆ ಬಂದು ಕೂತಳು. "ಒಳ್ಳೆ ಜನ ಕಣ್ ಕೂಸೇ. ಸರಿ ಮಾಡಿಸ್ತಾರಂತೆ. ಕೊಳದ್ ಸುತ್ತ ಕಟಾಂಜನ ಆಕಿಸ್ತಾರೇನೋ, ಮಗಿನ ಮನೆ ನೋಡು."

ಅಧಿಕಾರಿ ಒಳ್ಳೆಯವರೇ. ನಗಿಸುವ ಸ್ವಭಾವ. ನಮ್ಮ ಬೀದಿಯ ಮಾತನ್ನು ಕಲಿಯಲು ಅವರೊಂದು ಉಪಾಯ ಕಂಡುಕೊಂಡಿದ್ದರು. ಹೆಂಡತಿಗೂ ಅದನ್ನೇ ಹೇಳಿಕೊಟ್ಟಿದ್ದರು. "ಈ ಊರ ಮಂದಿ ಹಕಾರ ನುಂಗತಾರ. ಅವರು ನುಂಗಿದ್ದನ್ನ ನಾವು ಹಚ್ಚಿಕೊಂಡು ಕೇಳಬೇಕು, ಅಷ್ಟ." ಆಲು ಅಂದರೆ ಹಾಲು, ಅಸು ಅಂದರೆ ಹಸು, ಊವು ಅಂದರೆ ಹೂವು. ಹಾಲಿನವನು ಬಂದಾಗ ಅವರ ಹೆಂಡತಿ ಬೇಕೆಂದೇ "ಆಲು ಬಂತ್ರೀ" ಎಂದು ಒಳಗೆ ಕೂಗುವುದು, ಅವರು "ಹಾಲು!" ಎಂದು ತಿದ್ದುವುದು, ಇಬ್ಬರೂ ನಗುವುದು ನಮಗೆ ಕೇಳಿಸುತ್ತಿತ್ತು.

ಬೀದಿಯವರು ಹಿತ್ತಲಿಗೆ ಬರುವುದು ಬೇಡ ಎಂದು ಅವರು ಮೊದಲೇ ಹೇಳಿದ್ದರು. ದೊಡ್ಡವ್ವ ಹಿಂಬಾಗಿಲು ಹಾಕಿದಳು. ಬಿಂದಿಗೆ, ಬಟ್ಟೆಗಂಟು ಹೊತ್ತು ಬಂದವರು ತಿರುಗಿಹೋದರು. ಹೋಗುವಾಗ ಅವಳಿಗೆ ಹಾಕಿದ ಶಾಪಗಳನ್ನು ನಾನು ಕೇಳಿದ್ದೇನೆ, ಬರೆಯಲಾರೆ.

ಅಧಿಕಾರಿ ಕೂಲಿಯವರನ್ನು ಕರೆಸಿ ಪಾಚಿ ಬಾಚಿಸಿದರು. ನೀರು ತಿಳಿಯಾಗಲು ಏನು ಹಾಕಬೇಕು ಎಂದು ಹೆಂಡತಿ ಬಂದು ಕೇಳಿದಾಗ ದೊಡ್ಡವ್ವ ತನ್ನಲ್ಲಿ ಉಳಿದಿದ್ದ ಪಟಿಕವನ್ನೆಲ್ಲ ಕೊಟ್ಟಳು, ಬಣ್ಣದ ಕೆಲಸಕ್ಕೆ ಇಟ್ಟುಕೊಂಡಿದ್ದದ್ದು. ಕೊಡದಲ್ಲಿ ಮೊಗೆದು ಸ್ನಾನಕ್ಕೆ ಬಳಸುತ್ತಾರೆಂದು ಅವಳ ಎಣಿಕೆ. ಬಗ್ಗಡ ನಿಧಾನವಾಗಿ ತಳಕ್ಕೆ ಕೂತಿತು. ನಾನು ಹುಟ್ಟಿದಂದಿನಿಂದ ಕಪ್ಪಾಗಿ ಕಂಡಿದ್ದ ನೀರು ಕನ್ನಡಿಯಾಯಿತು. ಗೋಡೆಯ ಮೇಲಿಂದ ನೋಡಿದರೆ ತಳದ ಕಲ್ಲುಗಳು ಮೊಣಕಾಲಿನಷ್ಟು ನೀರಿನಲ್ಲಿ ಇರುವ ಹಾಗೆ ಕಾಣುತ್ತಿದ್ದವು. ಕಪ್ಪಗಿದ್ದಾಗ ಆ ನೀರನ್ನು ಕಂಡರೆ ಭಯವಾಗುತ್ತಿತ್ತು. ಈಗ ಕೈ ಚಾಚಿದರೆ ತಳ ಸಿಗುತ್ತದೆ ಅನ್ನಿಸುತ್ತಿತ್ತು.

ಆ ಕಟಾಂಜನದ ಬೇಲಿಯ ಮಾತು ಕೇಳಬೇಕೆಂದು ದೊಡ್ಡವ್ವ ಕಾಯುತ್ತಿದ್ದಳು. ಅಧಿಕಾರಿ ಹನೂರು, ಯಳಂದೂರು ಎಂದು ಕ್ಯಾಂಪಿನ ಮೇಲೇ ಇರುತ್ತಿದ್ದರು.

ಅದು ಒಂದು ಭಾನುವಾರದ ಬೆಳಗ್ಗೆ. ಮೊದಲು ಕೇಳಿದ್ದು ಅಧಿಕಾರಿಯ ನಗು, ಹೆಂಡತಿಯನ್ನು ಕರೆಯುತ್ತಿದ್ದರು. ಆಮೇಲೆ ಒಂದು ಸದ್ದು, ಬಟ್ಟೆ ಒಗೆದಂಥದು. ಆಮೇಲೆ ಇನ್ನೊಂದು ಸದ್ದು, ಅದು ಏನೆಂದು ನನಗೆ ಹೇಳಲು ಬರುವುದಿಲ್ಲ. ನಾನು ಗೋಡೆ ಹತ್ತಿದಾಗ ದೊಡ್ಡವ್ವ ಮೂರನೆಯ ಮೆಟ್ಟಿಲಿನ ಮೇಲೆ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದಳು. ಉಟ್ಟ ಸೀರೆಯನ್ನು ಬಿಚ್ಚಿ, ಒಂದು ತುದಿ ಕೈಗೆ ಸುತ್ತಿಕೊಂಡು, ಇನ್ನೊಂದನ್ನು ನೀರಿಗೆ ಎಸೆಯುತ್ತಿದ್ದಳು. "ಇಡ್ಕಳಿ ಸಾ! ಇಡ್ಕಳಿ!" ಮತ್ತೆ ಎಳೆದುಕೊಂಡು ಮತ್ತೆ ಎಸೆಯುತ್ತಿದ್ದಳು. ನೀರು ಅಷ್ಟು ತಿಳಿಯಾಗಿದ್ದರಿಂದ ಅಧಿಕಾರಿ ತಳದಲ್ಲಿ ಕಾಣುತ್ತಿದ್ದರು. ಸೀರೆ ಅವರ ಮೇಲೆ ತೇಲುತ್ತಿತ್ತು. ಬೀದಿಯ ಇಬ್ಬರು ಗಂಡಸರು ಬಂದು ಮೇಲೆತ್ತುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಸೀರೆಯಿಲ್ಲದೆ ಗಂಡಸರ ಮುಂದೆ ನಿಂತಿದ್ದಳು ಎಂದು ಆಮೇಲೆ ಆಡಿಕೊಂಡರು. ಅದೊಂದನ್ನು ನಮ್ಮ ಬೀದಿ ಬಹಳ ಕಾಲ ಆಡಿಕೊಂಡಿತು.

ಮಧ್ಯಾಹ್ನ ಇನ್ಸ್‌ಪೆಕ್ಟರು ಬಂದು ಅವಳ ಜಗಲಿಯ ಮೇಲೆ ಕೂತರು. ಅವರೂ ಈ ಕಡೆಯವರಲ್ಲ. ಹೆಣ ಅಲ್ಲೇ ಇತ್ತು. ಬೀದಿಯೆಲ್ಲ ನಿಂತಿತ್ತು.

"ನೀರಿನ ವಿಷಯ ಇವರಿಗೆ ಮೊದಲೇ ಹೇಳಿದ್ಯೇನಮ್ಮ?"

"ಯೋಳಿದ್ನಲ್ಲಾ ಸಾ. ಆಳು ನೀರು ಅಂತ ಯೋಳಿದ್ನಲ್ಲಾ."

"ಏನಂತ? ಹಾಳು ನೀರು ಅಂತಾನಾ?"

"ಊ ಸಾ, ಅದೇಯ. ಎಲ್ಡು ಸಲ ಯೋಳಿದಿ."

"ಹೌದ್ರಿ," ಎಂದಳು ಆ ಹೆಂಡತಿ. ಅವಳ ದನಿ ಬಹಳ ಸಣ್ಣಗಿತ್ತು. "ಹಾಳು ನೀರು ಅಂದ್ರು. ಅದಕ್ಕ ಅವರು ಹಸನ ಮಾಡಿಸಿದ್ರು. ಹಸನ ಆತು ಅಂತ ಇಳದ್ರು. ಆಳ ಅದ ಅಂತ ಒಂದ ಮಾತು ಅಂದಿದ್ರ..."

"ಅದ್ನೇ ಅಲ್ವಾ ನಾ ಅಂದದ್ದು!" ಎಂದು ದೊಡ್ಡವ್ವ ಕಿರುಚಿದಳು. "ಆಳು ನೀರು, ಆಳು ನೀರು ಅಂತ ಬಡ್ಕಂಡ್ನಲ್ಲವ್ವಾ!"

"ಮತ್ತ ಅದನ್ನ ಹೇಳಾಕತ್ತೀರಲ್ರೀ..."

ಆಗ ನನಗೆ ಅರ್ಥವಾಯಿತು. ಅವರು ಹಚ್ಚಿಕೊಂಡು ಕೇಳಿದ್ದರು. ಇಲ್ಲದ ಹಕಾರವನ್ನು ಹಚ್ಚಿಕೊಂಡಿದ್ದರು. ದೊಡ್ಡವ್ವನಿಗಂತೂ ಎರಡು ಮಾತಿಗೂ ಭೇದವೇ ಇಲ್ಲ. ಹಾಳು ಎಂದು ಯಾರು ಕೇಳಿದರೂ ಅವಳ ಕಿವಿಗೆ ಬೀಳುವುದು ಆಳು. ನಾನು ಮುಂದೆ ಹೋಗಿ ಇದನ್ನು ಇನ್ಸ್‌ಪೆಕ್ಟರಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ಟೀಚರೇನಮ್ಮ ನೀನು? ಹೆಣ ಮುಂದಿಟ್ಟುಕೊಂಡು ಕಾಗುಣಿತ ಹೇಳಿಕೊಡ್ತೀಯಾ?"

ಬೀದಿಯವರ ಕಡೆ ತಿರುಗಿ, ಆ ಮಾತಿಗೆ ಏನರ್ಥ ಎಂದು ಕೇಳಿದರು. ಆ ಕೊಳದ ಮೂರನೆಯ ಮೆಟ್ಟಿಲಿನಲ್ಲಿ ನಿಂತು ಬಟ್ಟೆ ಒಗೆದವರು, ಆ ಕೂಗನ್ನು ಬೇಸಿಗೆ ಬೇಸಿಗೆಯೂ ಕೇಳಿದವರು, ಒಬ್ಬರ ಮುಖ ಒಬ್ಬರು ನೋಡಿದರು. ಹಾಲಿನವನು ಮೊದಲು ಬಾಯಿಬಿಟ್ಟ. "ನಂಗೇನ್ ಗೊತ್ತು ಸಾ. ನಾ ಅಸೀನ್ ಆಲ್ ಕರ್ಯೋನು." ಒಬ್ಬಿಬ್ಬರು ನಕ್ಕರು. ಒಬ್ಬ ಹೆಂಗಸು, "ಅವ್ಳು ಏನಂದ್ಲೋ, ನಮ್ಮನ್ನಂತೂ ಇತ್ಲಿಗೇ ಬುಡ್ನಿಲ್ವಲ್ಲಾ ಸಾ" ಎಂದಳು.

ಆಕಸ್ಮಿಕ ಎಂದು ತೀರ್ಮಾನವಾಗಿ ಪೊಲೀಸರು ಹೋದರು. ಅಧಿಕಾರಿಯ ಹೆಂಡತಿಯನ್ನು ಅವಳ ಅಣ್ಣ ಬಂದು ಕರೆದುಕೊಂಡು ಹೋದ. ದೊಡ್ಡವ್ವ ಉಳಿದಳು, ಬೀದಿಯ ಕೈಯಲ್ಲಿ.

ನಮ್ಮ ಬೀದಿಯಲ್ಲಿ ಯಾರ ಬಾಯಿಯಲ್ಲೂ ಹಕಾರ ಹೊರಡುತ್ತಿರಲಿಲ್ಲ. ಅವಳಿಗಾಗಿ ಕಲಿತರು. ಅದೊಂದು ಮಾತಿಗೆ ಮಾತ್ರ ಕಲಿತರು. "ಹ್ಹಾಳವ್ವಾ!" ಎಂದು, ಎದೆಯಿಂದ ಉಸಿರೆಳೆದು, ಅವಳ ಬಾಗಿಲ ಮುಂದೆ ಹೋಗುವಾಗ ಕೂಗುತ್ತಿದ್ದರು. ದೊಡ್ಡವರೂ ಕೂಗುತ್ತಿದ್ದರು. ಬಾಡಿಗೆಗೆ ಯಾರೂ ಬರಲಿಲ್ಲ. ಹಿಂಬಾಗಿಲು ಮತ್ತೆ ತೆರೆದಿಟ್ಟರೂ ನೀರಿಗೆ ಒಬ್ಬರೂ ಬರಲಿಲ್ಲ.

ಒಂದು ಸಂಜೆ ಅವಳು ನಮ್ಮ ಜಗಲಿಗೆ ಬಂದಳು. ಕೂರಲಿಲ್ಲ.

"ಕೂಸೇ, ನಂಗೆ ಆ ಅಕ್ಸರ ಯೋಳ್ಕೊಡು."

"ಯಾಕೆ ದೊಡ್ಡವ್ವ? ನೀನು ಅಂದದ್ದೇ ಸರಿ. ಅದರಲ್ಲಿ ಆ ಅಕ್ಷರ ಇಲ್ಲ."

"ಇಲ್ಲ ಅಂತ ಗಂಡನ್ ಕಳ್ಕಂಡ ಆ ಕೂಸ್ಗೆ ಎಂಗ್ ಗೊತ್ತಾಯ್ತದೆ? ಎಲ್ಡೂ ಅಂದ್ ತೋರ್ಸಬೇಕು. ನಾ ಅದನ್ನಂದಿಲ್ಲ, ಇದನ್ನಂದಿ ಅಂತ. ಎಲ್ಡೂ ಅನ್ನಕ್ ಬಂದ್ರೆ ತಾನೆ ಅವ್ಳ್ ನಂಬೋದು?"

ಕಲಿಸಿದೆ. ಕನ್ನಡಿ ಒರೆಸುವಾಗ ಉಸಿರು ಬಿಡುವ ಹಾಗೆ ಬಿಡು ಎಂದೆ. ಶಾಲೆ ಬಿಟ್ಟ ಮೇಲೆ ದಿನಾ ಬರುತ್ತಿದ್ದಳು. ಬಾಯಿಗೆ ಕೈ ಹಿಡಿದುಕೊಂಡು ಉಸಿರು ತಗಲಿತೇ ಎಂದು ನೋಡಿಕೊಳ್ಳುತ್ತಿದ್ದಳು. ಬಾಯಿ ಕಲಿಯಿತು. ಕಿವಿ ಕಲಿಯಲಿಲ್ಲ. ಎಲ್ಲಿ ಹಚ್ಚಬೇಕು, ಎಲ್ಲಿ ಬಿಡಬೇಕು ಎಂಬುದು ಅವಳಿಗೆ ಹತ್ತಲೇ ಇಲ್ಲ. ಅಂಗಡಿಗೆ ಹೋಗಿ "ಹಕ್ಕಿ ಕೊಡಪ್ಪಾ" ಎಂದಳು. "ಹಕ್ಕಿ ಆರೋಯ್ತು ಕಣವ್ವ, ಅಕ್ಕಿ ಅದೆ, ಕೊಡ್ಲಾ?" ಎಂದ ಅಂಗಡಿಯವನು, ಅವಳ ಹಕಾರವನ್ನೇ ಅಣಕಿಸಿ. ಆ ನಗು ನಮ್ಮ ಮನೆಯವರೆಗೆ ಕೇಳಿಸಿತು.

ಮುಂದಿನ ವರ್ಷ ಅಧಿಕಾರಿಯ ಹೆಂಡತಿ ತಾನು ಬಿಟ್ಟುಹೋಗಿದ್ದ ಪಾತ್ರೆಪಗಡಿ ಒಯ್ಯಲು ಅಣ್ಣನ ಜೊತೆ ಬಂದಳು. ಬಾಗಿಲಿನ ಹೊರಗೇ ನಿಂತಳು. ದೊಡ್ಡವ್ವ ತಲೆಗೆ ನೀರು ಹಾಕಿಕೊಂಡು, ಒಗೆದ ಸೀರೆಯುಟ್ಟು ಬಂದು ಎದುರಿಗೆ ನಿಂತಳು. ನನ್ನನ್ನೂ ಕರೆಸಿದ್ದಳು.

"ಅವ್ವಾ, ಒಂದೇ ಮಾತು ಕೇಳ್ಬುಡು. ಜನ ಏನಾರ ಅನ್ಲಿ. ನಾ ಹವತ್ತು ಅಂದದ್ದು..." ನಿಂತಳು. ಉಸಿರೆಳೆದುಕೊಂಡಳು. ಅವಳು ಕಲಿತದ್ದೆಲ್ಲ ಆ ಉಸಿರಿನಲ್ಲಿತ್ತು. "ನಾ ಅಂದದ್ದು, ಹಾಳು ನೀರು."

ಅಷ್ಟು ಸ್ಪಷ್ಟವಾದ ಹಕಾರವನ್ನು ನಾನು ತರಗತಿಯಲ್ಲೂ ಕೇಳಿರಲಿಲ್ಲ.

ಆ ಹೆಂಗಸು ಪಾತ್ರೆಯ ಗಂಟನ್ನು ಅಣ್ಣನ ಕೈಗೆ ಕೊಟ್ಟಳು. "ಕಡೀಕ ನಿಮ್ಮ ಬಾಯಿಲೇನ ಬಂತಲ್ರೀ. ಇನ್ನ ನಂದೇನೂ ಇಲ್ಲ" ಎಂದು ತಿರುಗಿ ನಡೆದಳು.

ನಾನು ಬಸ್ ಸ್ಟ್ಯಾಂಡಿನವರೆಗೆ ಓಡಿದೆ. ಬಸ್ಸಿನ ಕಿಟಕಿಗೆ ಮುಖವಿಟ್ಟು ಎಲ್ಲ ಹೇಳಿದೆ. ಅವಳು ಕೂಸಿನ ಕುಲಾವಿ ಕಟ್ಟುತ್ತ ಕೇಳಿಸಿಕೊಂಡಳು. "ನೀವ ದಿನಾ ಕೂಡಿಸಿಕೊಂಡು ಕಲಿಸೀರಂತಲ್ಲ," ಎಂದಳು. "ಓಣ್ಯಾಗ ಹೇಳಿದ್ರು." ಬಸ್ಸು ಹೊರಟಿತು.

ಹಿಂತಿರುಗಿ ಬಂದಾಗ ದೊಡ್ಡವ್ವ ಹೊಸ್ತಿಲ ಮೇಲೆ ಕೂತಿದ್ದಳು. ಒಂದು ವರ್ಷದಿಂದ ನಾನು ಕಾಣದ ಮುಖ.

"ಕೇಳುದ್ಯಾ? ನಿಮ್ ಬಾಯಿಂದ್ಲೇ ಬಂತು ಅಂದ್ಲು. ನಂದೇನೂ ಇಲ್ಲ ಅಂದ್ಲು. ಒಪ್ಕಂಡ್ಲು ಕಣ್ ಕೂಸೇ." ಆಮೇಲೆ ನನ್ನ ಕೈ ಹಿಡಿದು, "ಸರಿಯಾಗ್ ಅಂದ್ನಾ?" ಎಂದಳು.

"ಸರಿಯಾಗೇ ಅಂದೆ, ದೊಡ್ಡವ್ವ."

ಅಲ್ಲಿಂದ ಮುಂದೆ ಬೀದಿಯವರು ಏನು ಕೂಗಿದರೂ ಅವಳಿಗೆ ತಟ್ಟಲಿಲ್ಲ. "ಕೂಗ್ಕಳಿ. ಒಪ್ಪಬೇಕಾದೋಳು ಒಪ್ಕಂಡೋಗವ್ಳೆ" ಎಂದು ಬಾಗಿಲಿನಲ್ಲಿ ನಿಂತು ತಿರುಗಿ ಕೂಗುತ್ತಿದ್ದಳು. ಅವರು ಇನ್ನೂ ಜೋರಾಗಿ ನಗುತ್ತಿದ್ದರು. ಹೀಗೆ ಹತ್ತಾರು ವರ್ಷ ಬದುಕಿದಳು. ಕಾಯಿಲೆ ಬಿದ್ದು ಮಲಗಿದಾಗ ಗಂಜಿ ಕುಡಿಸಲು ನಾನು ಹೋಗುತ್ತಿದ್ದೆ. ಆ ಹೆಂಗಸಿಗೆ ನಾನು ಕಾಗದ ಬರೆದಿದ್ದೇನೆಂದೂ, ಅವಳು ಕ್ಷೇಮವಾಗಿದ್ದಾಳೆಂದೂ, ದೊಡ್ಡವ್ವನನ್ನು ಕೇಳಿದಳೆಂದೂ ಹೇಳುತ್ತಿದ್ದೆ. ಒಂದೂ ನಿಜವಲ್ಲ. ಅವಳ ವಿಳಾಸ ನನಗೆ ಗೊತ್ತಿರಲಿಲ್ಲ. ಕೊನೆಯ ದಿನ, ಮಾತು ನಿಲ್ಲುವುದಕ್ಕೆ ಮುಂಚೆ, ದೊಡ್ಡವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಆ ಕೂಸ್ಗೆ ಬರಿ. ನನ್ ನಂಬುದ್ಲಲ್ಲ, ದೇವ್ರು ಒಳ್ಳೇದ್ ಮಾಡ್ಲಿ ಅಂತ ಬರಿ."

ಬರೆಯುತ್ತೇನೆ ಎಂದೆ.