ಕಲ್ಲಿನ ಕಪ್ಪು ಮಗ್ಗುಲು

೧೯೫೬ರಲ್ಲಿ, ಎಂಟನೆಯ ತರಗತಿಯ ನಡುವೆ, ನನ್ನ ಓದು ನಿಂತಿತು. ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ನಿಲ್ಲಿಸಿದವರು ದೊಡ್ಡಪ್ಪ. ನನ್ನ ಚಿತ್ರದ ಪುಸ್ತಕವನ್ನು ಬಚ್ಚಲೊಲೆಗೆ ತುರುಕಿದವರೂ ಅವರೇ. "ಕಲ್ಲಿನ ಚಿತ್ರ ಮಾಡ್ತಾನಂತೆ. ಕಲ್ಲು ನೋಡ್ಲಿಕ್ಕೆ ಶಾಲೆಗೆ ಹೋಗ್ಬೇಕಾ ಮಾರಾಯ್ರೆ?" ಎಂದು ಜಗಲಿಯಲ್ಲಿದ್ದವರನ್ನು ನಗಿಸಿದರು. ಆ ನಗುವನ್ನು ನಾನು ಮರೆಯಲಿಲ್ಲ, ಮರೆಯುವ ಪ್ರಯತ್ನವನ್ನೂ ಮಾಡಲಿಲ್ಲ.

ತಾಯಿಯನ್ನು ಬೆಳ್ಳಾರೆಯ ಹತ್ತಿರದ ಮನೆಯಲ್ಲೇ ಬಿಟ್ಟು, ಪುತ್ತೂರಿನ ಕಡೆ ಮನೆ ಕಟ್ಟುವ ಕೆಂಪು ಮುರಕಲ್ಲು ಕಡಿಯುವ ಕೆಲಸಕ್ಕೆ ಸೇರಿದೆ. ಆರು ದಿನ ಕಲ್ಲಿನ ಕೋರೆ. ಭಾನುವಾರ ಪೇಟೆಯ ಡ್ರಾಯಿಂಗ್ ಮಾಷ್ಟ್ರ ಜಗಲಿ. ಫೀಸಿನ ಬದಲು ಅವರ ವಾರದ ಸೌದೆ ಒಡೆದುಕೊಡುತ್ತಿದ್ದೆ. ಧರ್ಮಕ್ಕೆ ಕಲಿತವನಲ್ಲ ನಾನು.

ಮಾಷ್ಟ್ರು ಅಂಗಳದ ಮೂಲೆಯ ಹಳೆಯ ಕಲ್ಲೊಂದನ್ನು ತೋರಿಸಿ ಬರೆ ಎಂದರು. ಬರೆದೆ. "ಇದು ನಿನ್ನ ತಲೆಯೊಳಗಿನ ಕಲ್ಲು. ಎದುರಿನದ್ದು ಬರೆ" ಎಂದರು. ಹೀಗೆ ನಾಲ್ಕು ತಿಂಗಳು. ನೆರಳಿನ ಕಪ್ಪು ಬೇರೆ, ಪಾಚಿಯ ಕಪ್ಪು ಬೇರೆ ಎಂದು ಹೇಳಿಕೊಟ್ಟವರು ಅವರು. ಹೊತ್ತು ಏರಿದ ಹಾಗೆ ನೆರಳು ಜಾಗ ಬಿಡುತ್ತದೆ, ಪಾಚಿ ಬಿಡುವುದಿಲ್ಲ. ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣದಿಂದ. ಹಾಗಾಗಿ ಕಲ್ಲು, ಗೋಡೆ, ಮರದ ಬುಡ ಎಲ್ಲಕ್ಕೂ ಪಡುವಣದ ಮಗ್ಗುಲು ಕಪ್ಪು. ಹುಟ್ಟಿದಾಗಿನಿಂದ ಕಣ್ಣೆದುರು ಇದ್ದದ್ದು, ಕಂಡದ್ದು ಆಗ.

ಒಮ್ಮೆ ತೆರೆದ ಕಣ್ಣನ್ನು ಮುಚ್ಚಲಿಕ್ಕೆ ಬರುವುದಿಲ್ಲ. ೧೯೬೩ರ ಮಳೆಗಾಲ ಕಳೆದು, ವರ್ಷದ ಮೇಲೆ ಮನೆಗೆ ಹೋದಾಗ ಮೊದಲು ಕಂಡದ್ದು ತಾಯಿಯ ಎಡಭುಜ. ಬಲದ್ದಕ್ಕಿಂತ ಎರಡು ಬೆರಳು ತಗ್ಗಿತ್ತು. ಕೇಳಿ ಕೇಳಿ ಬಾಯಿ ಬಿಡಿಸಿದೆ. ಹೊಳೆಯಿಂದ ನೀರು ಹೊರುತ್ತಿದ್ದಳಂತೆ. ಅಪ್ಪ ತೋಡಿದ ಬಾವಿ ತನ್ನ ಪಾಲಿನದ್ದು ಎಂದು ದೊಡ್ಡಪ್ಪ ಮುಳ್ಳಿನ ಬೇಲಿ ಹಾಕಿಸಿದ್ದರು.

ಅಣ್ಣತಮ್ಮ ಪಾಲಾದಾಗ ಗುಡ್ಡೆಯ ನಡುವೆ ಐದು ಕಲ್ಲು ನೆಟ್ಟಿದ್ದರು, ಕಾಗದ ಮಾಡಿಸಿರಲಿಲ್ಲ. ಗಡಿ ಡೊಂಕುಡೊಂಕು, ಒಂದು ಕಲ್ಲು ಸರಿದರೆ ಗೊತ್ತಾಗದು. ಮೂರನೆಯ ಕಲ್ಲು ಈಗ ಬಾವಿಯಿಂದ ಈಚೆಗೆ, ನಮ್ಮ ಬದಿಗೆ ಇತ್ತು. ನೋಡಿದೆ. ಅದರ ಕಪ್ಪು ಮಗ್ಗುಲು ಮೂಡಣಕ್ಕಿತ್ತು. ನನಗೆ ಸಿಟ್ಟು ಬರಲಿಲ್ಲ, ಸಂತೋಷವಾಯಿತು. ಏಳು ವರ್ಷ ಕಾದದ್ದು ಕೈಗೆ ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ಊರಿನ ಇಬ್ಬರು ಹಿರಿಯರನ್ನು ಕರೆತಂದೆ. ದೊಡ್ಡಪ್ಪನೂ ಬಂದರು. ಬಾವಿಯ ಸುದ್ದಿ ನಾನು ಎತ್ತಲೇ ಇಲ್ಲ. ಒಂದೊಂದೇ ಕಲ್ಲಿನ ಹತ್ತಿರ ನಿಲ್ಲಿಸಿ, ಯಾವ ಮಗ್ಗುಲು ಕಪ್ಪು ಎಂದು ಅವರಿಂದಲೇ ಹೇಳಿಸಿದೆ. ಬೇರೆ ನಾಲ್ಕು ಕಲ್ಲಿನದ್ದು ಪಡುವಣ. ಕೊನೆಗೆ ಮೂರನೆಯದ್ದಕ್ಕೆ ಬಂದಾಗ ಹಿರಿಯರು ದೊಡ್ಡಪ್ಪನ ಮುಖ ನೋಡಿದರು.

"ಮಳೆಗೆ ತಿರುಗಿರಬಹುದು" ಎಂದರು ದೊಡ್ಡಪ್ಪ.

"ಮಳೆಗೆ ಕಲ್ಲು ತಿರುಗುದಾದ್ರೆ ನಮ್ಮ ತುಳಸಿಕಟ್ಟೆ ಇಷ್ಟರಲ್ಲಿ ಬುಗುರಿ ಆಗ್ತಿತ್ತು" ಎಂದರು ಹಿರಿಯರಲ್ಲಿ ಒಬ್ಬರು.

ಬಾವಿಯ ಆಚೆ ಹಾರೆ ಹಾಕುತ್ತಾ ಹೋದೆ. ಎಲ್ಲ ಕಡೆ ಗಟ್ಟಿ, ಒಂದು ಕಡೆ ಮಾತ್ರ ಸಲೀಸಾಗಿ ಇಳಿಯಿತು. ಅದೇ ಕಲ್ಲಿದ್ದ ಹಳೆಯ ಗುಳಿ. ಹಿರಿಯರು ಆಳುಗಳನ್ನು ಕರೆಯಲು ಹೊರಟರು. ಆಳು ಬೇಡ ಎಂದೆ.

"ತಂದವರೇ ತಕೊಂಡು ಹೋಗ್ಲಿ. ದಾರಿ ಅವರಿಗೆ ಗೊತ್ತುಂಟು."

ಅರುವತ್ತು ದಾಟಿದವರು ಎಂದು ಹಿರಿಯರು ಕೇಳಿಕೊಂಡರು. ನಾನು ಬಗ್ಗಲಿಲ್ಲ. ದೊಡ್ಡಪ್ಪ ಕಲ್ಲನ್ನು ಅಗೆದು, ಉರುಳಿಸಿ, ಎರಡು ಕಡೆ ಕೂತು ದಣಿವಾರಿಸಿಕೊಂಡು, ಬಾವಿಯ ಆಚೆಗೆ ಒಯ್ದು ನೆಟ್ಟರು. ಕಪ್ಪನ್ನು ಪಡುವಣಕ್ಕೆ ಮಾಡಲಿಕ್ಕೆ ಮರೆತಿದ್ದರು. ತಿರುಗಿಸಲು ಹೇಳಿದೆ. ತಿರುಗಿಸಿದರು. ತಾಯಿ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಾವಿಯಿಂದ ನೀರು ಸೇದಿದಳು.

ನಾನು ಮಾಡಿದ್ದು ಹೆಚ್ಚಾಯಿತು ಎನ್ನುವವರು ಈಗಲೂ ಇದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ.

ಈಗ ನನ್ನಲ್ಲಿ ಇರುವುದು: ಬಾವಿ ಒಂದು, ಗುಡ್ಡೆ ಎರಡೂಕಾಲು ಎಕರೆ, ಗೇರುಮರ ನಲುವತ್ತೊಂದು, ನಾನೇ ಕಡಿದ ಕಲ್ಲಿನ ಮನೆ, ಹೆಂಡತಿ, ಮೂರು ಮಕ್ಕಳು, ಚಿತ್ರ ಬರೆದು ತುಂಬಿದ ಪುಸ್ತಕ ಹದಿನಾಲ್ಕು, ಎಮ್ಮೆ ಒಂದು.