ಅಂಟು ಮಾಮನ ಅಂಗಡಿಯಲ್ಲಿ ಐದನೇ ಸಭೆ

ನಮ್ಮ ಬೀದಿಯ ಬುಕ್ ಬೈಂಡರನ್ನು ಎಲ್ಲರೂ ಅಂಟು ಮಾಮ ಅನ್ನುತ್ತಿದ್ದರು. ಹುಳಿ ಹಿಡಿದ ಮೈದಾ ಅಂಟಿನ ವಾಸನೆ ಅವನಿಗಿಂತ ಮೊದಲೇ ಬಾಗಿಲಿಗೆ ಬರುತ್ತಿತ್ತು. ನಲವತ್ತು ವರ್ಷ ಅವನು ಹೆಚ್ಚಾಗಿ ಹೊಲಿದದ್ದು ಬೈಬಲ್‌ಗಳನ್ನು. ಐನೂರು ವರ್ಷದ ಹಿಂದೆ, ಪಾದ್ರಿಗಳ ಬಿಗಿಮುಷ್ಟಿಯಿಂದ ಬಿಡಿಸಿ, ನೀವೇ ಓದಿಕೊಳ್ಳಿ ಎಂದು ಜನರ ಕೈಗೆ ಕೊಟ್ಟ ಪುಸ್ತಕವದು. ನಮ್ಮೂರವರೂ ಓದಿದರು. ಒಂದೇ ಇದ್ದ ಕ್ರೈಸ್ತ ಸಭೆ, ದೀಕ್ಷಾಸ್ನಾನದ ನೀರು ತಲೆಗೋ ಇಡೀ ಮೈಗೋ ಎಂದು ಎರಡಾಯಿತು. ಹಾಡಿಗೆ ವಾದ್ಯ ಬೇಕೋ ಬೇಡವೋ ಎಂದು ಮೂರಾಯಿತು. ನಾಲ್ಕನೆಯದು ಯಾಕಾಯಿತೆಂದು ಅಲ್ಲಿಯವರಿಗೇ ನೆನಪಿಲ್ಲ. ಮಾಮ ಕೂಡಿಸುತ್ತಿದ್ದ, ಓದುಗರು ಒಡೆಯುತ್ತಿದ್ದರು.

ಯಾವ ಸಭೆಯ ಪುಸ್ತಕವೇ ಬರಲಿ, ಶಾಪ ಹಾಕುವ ಪುಟಗಳು ಬೆರಳಿನ ಜಿಡ್ಡಿಗೆ ಕಪ್ಪಾಗಿರುತ್ತಿದ್ದವು. ಕ್ಷಮೆಯ ಪುಟಗಳು ಬೆಳ್ಳಗೆ, ಒಂದಕ್ಕೊಂದು ಅಂಟಿಕೊಂಡೇ ಇರುತ್ತಿದ್ದವು. "ಕೈ ತೊಳ್ಕೊಂಡಾದ್ರೂ ಓದ್ಬಾರ್ದಾ," ಎಂದು ಮಾಮ ಮೂಗು ಮುರಿದು ಜಿಡ್ಡು ಉಜ್ಜುತ್ತಿದ್ದ.

ಅವನ ಜೊತೆಗಿದ್ದವಳು ವಿಧವೆ ಅಕ್ಕ. ನಾಲ್ಕನೇ ಸಭೆಯಲ್ಲಿ ಮೂವತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು, ಆರಾಧನೆ ಮುಗಿದ ಮೇಲೆ ಎಲ್ಲರ ಚಹಾ ಕಪ್ ತೊಳೆದವಳು. ಆ ಬೆಂಚೇ ಅವಳ ಲೋಕ. ಬೈಬಲಿನಲ್ಲಿ ಸ್ವಾಮಿ ತಮ್ಮ ಶಿಷ್ಯರ ಕಾಲು ತೊಳೆದ ಪುಟವನ್ನು ಒಂದು ಭಾನುವಾರ ಅವಳೇ ನಿಧಾನವಾಗಿ ಓದಿ, ಎಂಜಲು ಕಪ್‌ಗಳನ್ನು ಸಭೆಯ ಹಿರಿಯರೊಬ್ಬರ ಮುಂದಿಟ್ಟಳು.

"ಸ್ವಾಮಿ ಕಾಲೇ ತೊಳೆದಿದ್ದಾರೆ. ನೀವು ಕಪ್ ತೊಳೀರಿ."

"ಅದರ ಅರ್ಥ ಹಾಗಲ್ಲಮ್ಮ."

"ಅವರವರೇ ಓದ್ಬೇಕು ಅಂತ ವಾರವಾರ ಹೇಳೋರು ನೀವೇ ತಾನೆ?"

"ಓದಿ ಅಂದ್ವಿ. ಅರ್ಥ ಮಾಡ್ಕೊಳ್ಳಿ ಅಂದ್ವಾ?"

ಮೂರು ವಾರ ಕಪ್‌ಗಳು ಅಲ್ಲೇ ಕೂತವು. ತಳದಲ್ಲಿ ಬೂದು ಬಣ್ಣದ ಬೂಷ್ಟು ಬೆಳೆಯಿತು, ನೊಣ ಮುತ್ತಿತು. ಅದರ ಪಕ್ಕದಲ್ಲೇ ನಿಂತು ಹಿರಿಯರು ಪರಿಶುದ್ಧತೆಯ ಬಗ್ಗೆ ಬೋಧಿಸಿದರು. ನಾಲ್ಕನೇ ವಾರ ಸಭೆಯ ಪಟ್ಟಿಯಿಂದ ಅಕ್ಕನ ಹೆಸರು ಹೊಡೆದುಹಾಕಿದರು.

ಎರಡು ದಿನ ಅವಳು ಊಟ ಮುಟ್ಟಲಿಲ್ಲ. ಮಾಮ ಕಾಗದದ ರಾಶಿ ಸರಿಸಿ ಅಂಗಡಿಯಲ್ಲಿ ಬೆಂಚು ಹಾಕಿಕೊಟ್ಟ. "ಇಲ್ಲೇ ಓದ್ಕೋ ಅಕ್ಕ. ಇಲ್ಲಿ ಯಾರೂ ನಿನ್ನ ಬಾಯಿ ಮುಚ್ಸಲ್ಲ."

ಐವರು ಹೆಂಗಸರು ಬಂದು ಸೇರಿದರು. ಐದನೇ ಸಭೆ. ಇದ್ದ ಒಬ್ಬನೇ ಗಂಡಸು ಮಾಮ. ಕಪ್ ಅವನೇ ತೊಳೆದ.

ವರ್ಷ ಕಳೆಯುವುದರೊಳಗೆ, ಇನ್ನೊಂದು ವಾಕ್ಯದ ಅರ್ಥಕ್ಕೆ ಜಗಳವಾಗಿ, ಆ ಹಿರಿಯರನ್ನೂ ಅವರ ಸಭೆ ಹೊರಹಾಕಿತು. ಒಂದು ಭಾನುವಾರ ಅವರು ತಮ್ಮ ಬೈಬಲ್ ಹಿಡಿದು ಅಂಗಡಿಯ ಮೆಟ್ಟಿಲಿಗೆ ಬಂದರು. ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಬರ್ಲಿ ಬಿಡಕ್ಕ," ಎಂದ ಮಾಮ. "ಸ್ವಾಮಿ ತಮ್ಮನ್ನೇ ಶತ್ರುಗಳಿಗೆ ಹಿಡಿದುಕೊಟ್ಟವನ ಕಾಲನ್ನೂ ತೊಳೆದ್ರಲ್ಲ."

"ಅದರ ಅರ್ಥ ಹಾಗಲ್ಲ. ನಿನ್ನ ಅರ್ಥ ಇಟ್ಕೊಂಡು ನೀನೂ ಹೊರಗೆ ಕೂತ್ಕೋ."

ಮಾಮ ತನ್ನದೇ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಹಿರಿಯರು ಸರಿದು ಜಾಗ ಕೊಟ್ಟು, "ಹೊಲಿಗೆ ಬಿಟ್ಟಿದೆ ನೋಡಪ್ಪ," ಎಂದು ಪುಸ್ತಕ ಅವನ ತೊಡೆಯ ಮೇಲಿಟ್ಟರು. ಮಾಮ ಅಂಚಿನ ಜಿಡ್ಡು ನೋಡಿದ. ಹಾಗೇ ಹಿಂದಕ್ಕೆ ಕೊಟ್ಟ.

"ಮೊದ್ಲು ಕೈ ತೊಳ್ಕೊಂಡು ಬನ್ನಿ."

ಒಳಗೆ ಹಾಡು ಮುಗಿಯಿತು. "ಕಪ್ ಹಾಗೇ ಬಿದ್ದಿವೆ," ಎಂದು ಅಕ್ಕನ ಧ್ವನಿ ಬಂತು.

ಮಾಮ ಏಳಲಿಲ್ಲ.