ಹಾಲ್ ಟಿಕೆಟ್ಟಿನ ಎರಡು ಜಡೆ

ಮೊಬೈಲಿನಲ್ಲಿ ವಸತಿ ಶಾಲೆಯ ಅರ್ಜಿ ತುಂಬಲು ಕೂತು ಇದು ಮೂರನೆಯ ದಿನ. ಮೊದಲ ದಿನ ಆದಾಯ ಪ್ರಮಾಣಪತ್ರದ ನಂಬರು ತಪ್ಪಾಯಿತು. ಎರಡನೆಯ ದಿನ ಓಟಿಪಿ ಬರಲಿಲ್ಲ. ಬಂದಿದ್ದರೂ ನಾನು ನಂಬುತ್ತಿರಲಿಲ್ಲ ಅನ್ನಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಶಿರಾ ಬಸ್‌ಸ್ಟ್ಯಾಂಡಿನಿಂದ ಮನೆಗೆ ವಾಪಸು ನಡೆದುಬಂದ ಜೀವ ನನ್ನದು. ಇವತ್ತು ಮಗಳು ಮಾನಸಳ ಫೋಟೋ ಹಾಕಬೇಕು. ಅದರ ಕೆಳಗೊಂದು ಸಾಲು: ‘ಭಾವಚಿತ್ರಕ್ಕೂ ಅಭ್ಯರ್ಥಿಯ ಮುಖಕ್ಕೂ ಹೋಲಿಕೆ ಇಲ್ಲದಿದ್ದರೆ ಪರೀಕ್ಷೆಗೆ ಪ್ರವೇಶವಿಲ್ಲ.’ ಓದುತ್ತಿದ್ದಂತೆ ನನ್ನ ಕೈ ತಾನಾಗಿ ತಲೆ ಸವರಿಕೊಂಡಿತು. ಕೂದಲು ಇತ್ತು. ನೆರೆತಿದೆ, ಬಣ್ಣ ಹಚ್ಚಿದ್ದೇನೆ, ಆದರೂ ಇತ್ತು.

ನಗಬೇಡಿ, ಕಾರಣವಿದೆ.

ಮದಲೂರಿನ ಆಚೆ ನಮ್ಮ ಹಟ್ಟಿ. ನಮ್ಮ ಶಾಲೆ ಎಂಟನೆಯ ತರಗತಿಗೇ ಮುಗಿದುಹೋಗುತ್ತಿತ್ತು. ಒಂಬತ್ತಕ್ಕೆ ವಸತಿ ಶಾಲೆಯಲ್ಲಿ ಬೆರಳೆಣಿಕೆಯ ಸೀಟುಗಳು, ಅವಕ್ಕೆ ನಾಲ್ಕು ತಾಲ್ಲೂಕಿನ ಮಕ್ಕಳು ಪರೀಕ್ಷೆ ಬರೆಯಬೇಕು. ಸೀಟು ಸಿಕ್ಕರೆ ಓದು, ಸಿಗದಿದ್ದರೆ ಕುರಿ. ಹಾಗೆಂದು ಅಪ್ಪ ಬಾಯಿಬಿಟ್ಟು ಹೇಳಿರಲಿಲ್ಲ, ಕುರಿಗಳು ಮಾತ್ರ ಆಗಲೇ ನನ್ನನ್ನು ಒಂಥರಾ ನೋಡುತ್ತಿದ್ದವು.

ಅರ್ಜಿಗೆಂದು ಶಿರಾದ ಸ್ಟುಡಿಯೋದಲ್ಲಿ ಫೋಟೋ ತೆಗೆಸಿದೆವು. ಎರಡು ಜಡೆ, ಎರಡು ರಿಬ್ಬನ್ನು, ಮುಖಕ್ಕೆ ಅರ್ಧ ಡಬ್ಬಿ ಪೌಡರು. ಹೆಡ್‌ಮಾಸ್ತರು ಅದನ್ನು ಅಂಟಿಸಿ, ಅರ್ಧ ಫೋಟೋದ ಮೇಲೆ ಅರ್ಧ ಕಾಗದದ ಮೇಲೆ ಬೀಳುವ ಹಾಗೆ ಸೀಲು ಒತ್ತಿದರು. ಹಾಲ್ ಟಿಕೆಟ್ಟೂ ಬಂತು. ನಾನು ಅದನ್ನು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆ. ಹೆಸರು ಅಳಿಸಿಹೋದೀತು, ಇಲಿ ತಿಂದೀತು, ಪೆನ್ನು ಸೋರೀತು ಎಂಬ ಭಯ. ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲದಕ್ಕೂ ಹೆದರಿದ್ದೆ.

ಅಪ್ಪ ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋಗಿದ್ದ. ಪರೀಕ್ಷೆಗೆ ಒಂದು ವಾರ ಇರುವಾಗ ಅಜ್ಜಿ ನನ್ನನ್ನು ಮನೆದೇವರ ಗುಡಿಗೆ ಕರೆದೊಯ್ದಳು. ಕುಂಕುಮಕ್ಕೆ ಇರಬೇಕು ಅಂದುಕೊಂಡೆ. ಅಲ್ಲಿ ಕ್ಷೌರದವರು ಕತ್ತಿ ಮಸೆಯುತ್ತಿದ್ದರು.

“ಅಜ್ಜಿ, ಸೀಟು ಸಿಕ್ಮೇಲೆ ಅಲ್ವಾ ಮುಡಿ ಕೊಡದು?”

“ಗೆದ್ಮೇಲೆ ಎಲ್ರೂ ಕೊಡ್ತಾರೆ ಕಣ್ ಕೂಸೆ. ಮುಂಚೇನೆ ಕೊಟ್ಬುಟ್ರೆ ದೇವ್ರಿಗೆ ನಾಚ್ಕೆಯಾಗಿ ಕೆಲ್ಸ ಮಾಡ್ತಾನೆ.”

“ಬ್ಯಾಡ ಅಜ್ಜಿ...”

“ಸುಮ್ಕಿರು. ಕೂದ್ಲು ತಿರ್ಗಾ ಬೆಳೀತದೆ. ಸೀಟು ಬೆಳೀತದಾ?”

ಎರಡು ಜಡೆಯೂ ರಿಬ್ಬನ್ನಿನ ಸಮೇತ ಗುಡಿಯಲ್ಲೇ ಉಳಿದವು.

ಪರೀಕ್ಷೆ ಮಧುಗಿರಿಯಲ್ಲಿ. ಬಸ್ಸಿಳಿದರೆ ಎದುರಿಗೆ ಒಂದೇ ಕಲ್ಲಿನ ಬೆಟ್ಟ, ಅಷ್ಟು ದೊಡ್ಡ ಬೋಳುತಲೆ. ಬೆಟ್ಟವೂ ನಾನೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಕೊಠಡಿಯ ಮೇಡಂ ಹಾಲ್ ಟಿಕೆಟ್ಟು ನೋಡಿದರು, ನನ್ನ ನೋಡಿದರು, ಮತ್ತೆ ಟಿಕೆಟ್ಟು ನೋಡಿದರು.

“ಯಾರಿದು?”

“ನಾನೇ ಮಿಸ್.”

“ಜಡೆ ಎಲ್ಲಿ?”

“ದೇವ್ರಿಗೆ ಕೊಟ್ಬುಟ್ಟೆ ಮಿಸ್.”

ಕೊಠಡಿಗೆ ಕೊಠಡಿಯೇ ನಕ್ಕಿತು. ಮೇಡಂ ನಗಲಿಲ್ಲ. “ಅಕ್ಕನ ಟಿಕೆಟ್ ತಂದು ಕೂತಿದ್ದೀಯಾ?” ಎಂದು ನನ್ನನ್ನು ಹೊರಗೆ ನಿಲ್ಲಿಸಿದರು. ಗಂಟೆ ಹೊಡೆಯಿತು. ಒಳಗೆ ಪ್ರಶ್ನೆಪತ್ರಿಕೆ ಹಂಚುವ ಸದ್ದು. ಗೇಟಿನಾಚೆ ನಿಂತಿದ್ದ ಅಜ್ಜಿ ವಿಷಯ ತಿಳಿದು ಅಲ್ಲಿಂದಲೇ ಕೂಗಿದಳು: “ನನ್ ಮಗನ್ ಕೂಸೇ ಕಣವ್ವಾ ಅದು! ಸುಳ್ಳಾದ್ರೆ ನನ್ ತಲೇನೂ ಬೋಳ್ಸು!”

ಕೊನೆಗೆ ಆ ಮೇಡಂ ಏನು ಮಾಡಿದರು ಗೊತ್ತೆ? ತಮ್ಮ ಸೆರಗನ್ನು ಎಳೆದು ನನ್ನ ತಲೆಗೆ ಹೊದಿಸಿ, ಕಿವಿಯ ಹಿಂದೆ ಒತ್ತಿ ಹಿಡಿದು, ಫೋಟೋ ಪಕ್ಕ ಇಟ್ಟು ನೋಡಿದರು. “ಹೂಂ, ನೀನೇ. ಹೋಗು, ಬರಿ.” ಅಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು.

ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಶಿರಾದ ಸೋದರತ್ತೆ ತಮ್ಮ ಮನೆಯಲ್ಲಿಟ್ಟುಕೊಂಡು ಓದಿಸಿದರು, ಆದ್ದರಿಂದ ಕುರಿಗಳೂ ಬಚಾವಾದವು. ಆದರೆ ಅಂದಿನಿಂದ ಆ ಇಪ್ಪತ್ತು ನಿಮಿಷ ನನ್ನ ಆಸ್ತಿ. ಮದುವೆಮನೆಯಲ್ಲಿ, ಆಫೀಸಿನಲ್ಲಿ, ಮಾನಸಳ ಮುಂದಂತೂ ನೂರು ಸಲ ಹೇಳಿದ್ದೇನೆ: ಆ ಇಪ್ಪತ್ತು ನಿಮಿಷ ಸಿಕ್ಕಿದ್ದರೆ ನಾನು ಎಲ್ಲೋ ಇರುತ್ತಿದ್ದೆ. ಅಜ್ಜಿಯ ಎದುರಿಗೂ ಹೇಳುತ್ತಿದ್ದೆ. ಅವಳು ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸಿ, ಒಮ್ಮೆ ಹೇಳಿದ್ದಳು: “ನನ್ ಕೂದ್ಲೇ ಕೊಡ್ಬೇಕಿತ್ತು ಕಣಮ್ಮ. ನೆರ್ತಿದ್ದು ದೇವ್ರಿಗೆ ಹೆಂಗೆ ಕೊಡದು ಅಂದ್ಕಂಡೆ.” ಆಮೇಲೆ ಬಹಳ ವರ್ಷ ಬದುಕಿದ್ದಳು. ಆ ಮಾತನ್ನು ನಾನು ಹಾಗೇ ಬಿಟ್ಟೆ.

“ಅಮ್ಮ,” ಎಂದಳು ಮಾನಸ, ಮೊಬೈಲಿನಿಂದ ಕಣ್ಣೆತ್ತದೆ. “ಸೀಟು ಸಿಗ್ದೇ ಇದ್ರೆ ನಾನೂ ನಿನ್ ಥರ ಹೇಳ್ಕೊಂಡು ಓಡಾಡ್ಬೇಕಾ? ನಂಗೆ ಹೇಳ್ಕೊಳ್ಳಕ್ಕೆ ಇಪ್ಪತ್ತು ನಿಮಿಷಾನೂ ಇರಲ್ಲ.”

ಕೈಯ ಉಗುರನ್ನೆಲ್ಲ ಕಚ್ಚಿ ಮುಗಿಸಿದ್ದಳು. ನಾನದನ್ನು ಗಮನಿಸಿದ್ದೇ ಆಗ. ಮೂರು ದಿನ ನಂಬರುಗಳನ್ನೇ ನೋಡುತ್ತಿದ್ದೆನಲ್ಲ.

ಸುಸ್ತಾಗಿತ್ತೋ ಏನೋ, ಸತ್ಯ ಹೊರಬಂತು. “ಲೇಟಾಗಿದ್ದಕ್ಕಲ್ಲ ಕಣೇ. ಕೊನೇ ಅರ್ಧ ಗಂಟೆ ಕಿಟಕಿಯಿಂದ ಬೆಟ್ಟ ನೋಡ್ತಾ ಕೂತಿದ್ದೆ. ಲೆಕ್ಕ ಬರ್ಲಿಲ್ಲ, ಅಷ್ಟೇ.”

ಮಾನಸ ಬಾಯಿಬಿಟ್ಟು ನೋಡಿದಳು. “ಹಂಗಾದ್ರೆ ಪಾಪ, ನಿಮ್ಮಜ್ಜಿ?”

ನಾನು ಫೋಟೋ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಿದೆ. ಅವಳೇ ಗುಂಡಿ ಒತ್ತಿದಳು; ಅರ್ಜಿ ಹೋಯಿತು.

ಸಂಜೆ ಅಂಗಡಿಯಲ್ಲಿ ಕೂದಲ ಬಣ್ಣದ ಪೊಟ್ಟಣ ಕೈಗೆತ್ತಿಕೊಂಡವಳು ವಾಪಸು ಇಟ್ಟೆ. ಪರೀಕ್ಷೆ ಮುಗಿಯಲಿ, ಫಲಿತಾಂಶ ಏನಾದರೂ ಬರಲಿ, ಆ ಗುಡಿಗೆ ಒಮ್ಮೆ ಹೋಗಿ ಮುಡಿ ಕೊಟ್ಟು ಬರಬೇಕು. ಸೀಟಿಗೆಂದು ಅಲ್ಲ. ನೆರೆತದ್ದನ್ನೂ ದೇವರು ತೆಗೆದುಕೊಳ್ಳುತ್ತಾನೆಂದು ಅಜ್ಜಿಗೆ ಯಾರಾದರೂ ತೋರಿಸಬೇಕಲ್ಲ.